ಹುಣಸೆಹಣ್ಣಿನಲ್ಲಿ ತೊಳೆದ ಗುಂಡಿ

ಚಿನ್ನ ಸಿಕ್ಕಿತೇ ಎಂದು ನನ್ನನ್ನು ಕೇಳದ ಕನ್ನಡಿಗರು ಈ ಡಚ್ಚರ ದೇಶದಲ್ಲಿ ಯಾರೂ ಉಳಿದಿಲ್ಲ. ಯುಗಾದಿಗೋ ಗಣಪತಿ ಹಬ್ಬಕ್ಕೋ ಡೀಮೆನ್‌ಗೆ, ದ ಹೇಗ್‌ಗೆ ಹೋದರೆ ಸಾಕು, ಊಟದ ತಟ್ಟೆ ಹಿಡಿದುಕೊಂಡೇ ಹತ್ತಿರ ಬರುತ್ತಾರೆ. ಆ ಮೆಟಲ್ ಡಿಟೆಕ್ಟರ್ ಹಾಬಿ ಇನ್ನೂ ಇದೆಯಾ, ಗೋಲ್ಡ್ ಏನಾದ್ರೂ ಸಿಕ್ತಾ ಎಂದು ಕೇಳುತ್ತಾರೆ. ಗುಂಡಿ ಸಿಕ್ಕಿದೆ ಎನ್ನುತ್ತೇನೆ. ಅಂಗಿಯ ಗುಂಡಿ, ಕೋಟಿನ ಗುಂಡಿ. ಅವರ ಮುಖ ಸಪ್ಪಗಾಗುವುದನ್ನು ನೋಡುವುದು ನನಗೆ ಒಂದು ಮಜಾ. ಬೆಟ್ಟ ಅಗೆದು ಇಲಿ ಹಿಡಿದವಳು ಎಂದು ನಮ್ಮ ಮನೆಯವರು ನನಗೆ ಬಿರುದು ಕೊಟ್ಟು ವರ್ಷಗಳಾದವು. ಕೊಡಲಿ ಬಿಡಿ. ಶನಿವಾರ ಸೋಫಾ ಬಿಟ್ಟು ಏಳದ ಅವರು ಇಲಿಯನ್ನೂ ಹಿಡಿದಿಲ್ಲ.

ಮಷೀನು ನನ್ನ ಕೈಗೆ ಬಂದದ್ದು ಆಫೀಸಿನ ಸಹೋದ್ಯೋಗಿಯೊಬ್ಬನ ಬೆನ್ನುನೋವಿನಿಂದ. ಬಗ್ಗಿ ಅಗೆಯಬಾರದೆಂದು ಡಾಕ್ಟರು ಅವನಿಗೆ ತಾಕೀತು ಮಾಡಿದ್ದರು. ಕಾಫಿ ಕುಡಿಯುವಾಗ ಅವನು ಆ ಕಥೆ ಹೇಳಿ ಎಷ್ಟು ಮುಖ ಇಳಿಸಿಕೊಂಡಿದ್ದನೆಂದರೆ, ಬರೀ ಸಮಾಧಾನಕ್ಕೆಂದು ನಾನೇ ಒಮ್ಮೆ ಪ್ರಯತ್ನಿಸುತ್ತೇನೆ ಎಂದುಬಿಟ್ಟೆ. ಮರುದಿನ ಮಷೀನು ನನ್ನ ಮೇಜಿನ ಮೇಲಿತ್ತು. ನಾವು ಧಾರವಾಡ ಬಿಟ್ಟು ರಾಟರ್‌ಡ್ಯಾಮ್‌ಗೆ ಬಂದು ಎರಡನೆಯ ಚಳಿಗಾಲ ಅದು. ಬಾಯಿ ಮುಚ್ಚಿ ಕೂತು ಗೊತ್ತೇ ಇಲ್ಲದ ನನಗೆ ಇಲ್ಲಿ ಮೀಟಿಂಗಿನ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಮೂರು ಗಂಟೆಗೇ ಮಬ್ಬಾಗುವ ಆಕಾಶವನ್ನು ಕಿಟಕಿಯಲ್ಲಿ ನೋಡಿ ನೋಡಿ ನನ್ನ ಸ್ವಭಾವವೂ ಮಬ್ಬಾಗಿತ್ತು, ಸಣ್ಣ ಸಣ್ಣದಕ್ಕೂ ಮನೆಯಲ್ಲಿ ಜಗಳ ತೆಗೆಯುತ್ತಿದ್ದೆ. ಮಷೀನು ನನ್ನನ್ನು ಬಯಲಿಗೆ ಎಳೆದುಕೊಂಡು ಹೋಯಿತು. ಅದಕ್ಕೂ, ಅವನ ಬೆನ್ನಿಗೂ ನಾನು ಋಣಿ.

ಇಲ್ಲಿ ಎಲ್ಲಿ ಬೇಕೆಂದರಲ್ಲಿ ಅಗೆಯುವಂತಿಲ್ಲ. ಹೊಲದವರ ಒಪ್ಪಿಗೆ ಬೇಕು, ಮೊಣಕೈ ಉದ್ದಕ್ಕಿಂತ ಕಡಿಮೆ ಆಳಕ್ಕೆ ನಿಲ್ಲಿಸಬೇಕು, ಹುಲ್ಲಿನ ಹೆಂಟೆಯನ್ನು ಎತ್ತಿದ ಹಾಗೆಯೇ ಮತ್ತೆ ಕೂರಿಸಿ ತುಳಿಯಬೇಕು. ಇಲ್ಲವಾದರೆ ಹಸು ಕಾಲು ಮುರಿದುಕೊಳ್ಳುತ್ತದೆ. ಒಪ್ಪಿಗೆ ಕೇಳಲು ನಾನು ಸೈಕಲ್ ತುಳಿದು ಊರಾಚೆಯ ಎಷ್ಟೋ ಬಾಗಿಲು ತಟ್ಟಿದೆ. ಕೆಲವರು ನಾನು ಏನೋ ಮಾರಲು ಬಂದಿದ್ದೇನೆ ಎಂದುಕೊಂಡು ನಾನು ಬಾಯಿ ತೆರೆಯುವ ಮೊದಲೇ ಬೇಡ ಎಂದರು. ಕೊನೆಗೆ ಒಬ್ಬ ಅಜ್ಜ ಬಾಗಿಲು ತೆಗೆದ. ಎಂಬತ್ತು ದಾಟಿದ ಮನುಷ್ಯ, ಒಂಟಿ, ಕಾಲಲ್ಲಿ ಮರದ ಪಾದರಕ್ಷೆ. ಬಾಯಲ್ಲಿ ಅವನನ್ನು ಮೆನೇರ್ ಎಂದೇ ಕರೆಯುತ್ತಿದ್ದೆ, ಅಂದರೆ ಯಜಮಾನರೇ ಎಂದ ಹಾಗೆ. ಮನಸ್ಸಿನಲ್ಲಿ ಮಾತ್ರ ಮೊದಲ ದಿನದಿಂದಲೂ ಅಜ್ಜನೇ.

ಅಜ್ಜ ನನ್ನ ಮುರುಕು ಡಚ್ಚನ್ನು ತಾಳ್ಮೆಯಿಂದ ಕೇಳಿದ. ಮಾತು ಮುಗಿದ ಮೇಲೆ ಒಳಗೆ ಕರೆದು ಕಾಫಿ ಕೊಟ್ಟು, ಹೊಲ ಪೂರ್ತಿ ಹುಡುಕಿ, ಸಿಕ್ಕಿದ್ದನ್ನೆಲ್ಲ ಇಟ್ಟುಕೊಳ್ಳಿ, ಒಂದೇ ಷರತ್ತು ಎಂದ. ಲಂಗರಿನ ಚಿತ್ರವಿರುವ ಗುಂಡಿ ಸಿಕ್ಕರೆ ಮೊದಲು ತನಗೆ ತೋರಿಸಬೇಕು.

ಅದು ಅವನ ಅಣ್ಣನ ಕೋಟಿನ ಗುಂಡಿ. ಅಣ್ಣ ಸರಕು ಹಡಗಿನಲ್ಲಿ ಕೆಲಸಕ್ಕಿದ್ದ, ಇವನು ಇನ್ನೂ ಚಿಕ್ಕ ಹುಡುಗನಾಗಿದ್ದಾಗ ಸಮುದ್ರದಲ್ಲೇ ತೀರಿಕೊಂಡ. ದೇಹ ಬರಲಿಲ್ಲ, ಬಟ್ಟೆಯ ಪೆಟ್ಟಿಗೆ ಬಂತು. ತಾಯಿ ಆ ಪೆಟ್ಟಿಗೆಯನ್ನು ಹಾಗೆಯೇ ಹೊತ್ತುಕೊಂಡು ಹೋಗಿ ತಿಪ್ಪೆಗೆ ಸುರುವಿದಳು. ಫೋಟೋಗಳನ್ನು ಒಲೆಗೆ ಹಾಕಿದಳು. ಆಮೇಲೆ ಆ ಮನೆಯಲ್ಲಿ ಅವನ ಹೆಸರನ್ನು ಯಾರೂ ಎತ್ತಲಿಲ್ಲ. ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಯಿತು, ಬಟ್ಟೆ ಕೊಳೆಯಿತು, ಗುಂಡಿಗಳು ಅಲ್ಲೇ ಎಲ್ಲೋ ಇರಬೇಕು. ಅಜ್ಜನಿಗೆ ಅಣ್ಣನ ಮುಖ ನೆನಪಿಲ್ಲ. ಚಿಕ್ಕವನಾಗಿದ್ದಾಗ ಅವನನ್ನು ತಬ್ಬಿಕೊಂಡರೆ ಕಣ್ಣೆದುರಿಗೆ ಬರುತ್ತಿದ್ದದ್ದು ಕೋಟಿನ ಗುಂಡಿಗಳ ಸಾಲು, ಅದಷ್ಟೇ ಉಳಿದಿದೆ ಎಂದ. ಮುಂದಿನ ಶರತ್ಕಾಲಕ್ಕೆ ಹೊಲ ಸರ್ಕಾರದ ಕೈಗೆ ಹೋಗುವುದಿತ್ತು. ಕುಸಿಯುತ್ತಿರುವ ಜೌಗು ಮಣ್ಣನ್ನು ಉಳಿಸಲು ಅಲ್ಲಿ ನೀರು ನಿಲ್ಲಿಸುತ್ತಾರಂತೆ, ಅಜ್ಜ ಊರೊಳಗಿನ ವೃದ್ಧರ ಫ್ಲ್ಯಾಟಿಗೆ ಹೋಗುತ್ತಾನಂತೆ. ಅಷ್ಟರೊಳಗೆ ಒಂದು ಗುಂಡಿ ಸಿಕ್ಕರೆ ಸಾಕು ಎಂದ. ಇಷ್ಟನ್ನೂ ಅವನು ದನದ ಬೆಲೆ ಹೇಳಿದಷ್ಟೇ ಸಲೀಸಾಗಿ ಹೇಳಿದ. ಹುಡುಕುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ಕೊಟ್ಟದ್ದು ಸುಲಭ. ಆ ಹೊಲದಲ್ಲಿ ಗುಂಡಿಗೆ ಬರವಿರಲಿಲ್ಲ, ಅದೇ ತೊಂದರೆ. ಹಿಂದಿನ ಕಾಲದಲ್ಲಿ ಪಟ್ಟಣದ ಕಸವನ್ನೆಲ್ಲ ದೋಣಿಗೆ ತುಂಬಿ ತಂದು, ಕಾಲುವೆಯ ಕೆಸರು, ಸೆಗಣಿ ಬೆರೆಸಿ ಈ ಹುಲ್ಲುಗಾವಲುಗಳಿಗೆ ಹರಡುತ್ತಿದ್ದರಂತೆ. ಹೀಗಾಗಿ ಯಾವ ಯಾವುದೋ ಶತಮಾನದ ಪಟ್ಟಣಿಗರ ಹರಿದ ಬಟ್ಟೆ ಅಜ್ಜನ ಹೊಲದಲ್ಲಿ ಕೊಳೆತಿತ್ತು. ಸೀಸದಂಥ ಮೆತ್ತನೆಯ ಬೂದು ಗುಂಡಿ, ಮಸುಕು ಹಿತ್ತಾಳೆಯ ಚಪ್ಪಟೆ ಗುಂಡಿ, ರೆಜಿಮೆಂಟಿನ ನಂಬರಿರುವ ಫ್ರೆಂಚ್ ಸಿಪಾಯಿಯ ಗುಂಡಿ, ಎಲ್ಲವೂ ಬಂದವು. ಪ್ರತಿ ಸಲ ಮಷೀನು ಕೂಗಿದಾಗಲೂ ಎದೆ ಹಾರುತ್ತಿತ್ತು. ಮಣ್ಣು ಒರೆಸಿ ನೋಡಿದರೆ ಹೂವೋ ನಕ್ಷತ್ರವೋ ಇರುತ್ತಿತ್ತು, ಲಂಗರು ಇರುತ್ತಿರಲಿಲ್ಲ.

ಗುಂಡಿಯ ಗುರುತು ಹಿಡಿಯುವುದನ್ನು ನನಗೆ ಕಲಿಸಿದವರು ನಿವೃತ್ತ ದಂತವೈದ್ಯರೊಬ್ಬರು. ಡಿಟೆಕ್ಟರಿನವರು ತಿಂಗಳಿಗೊಮ್ಮೆ ಸೇರುವ ಸಮುದಾಯ ಭವನದಲ್ಲಿ ಮೂಲೆಯ ಮೇಜು ಅವರದು. ಹಲ್ಲು ನೋಡುತ್ತಿದ್ದ ಅದೇ ಕನ್ನಡಕದಲ್ಲಿ ಈಗ ಗುಂಡಿ ನೋಡುತ್ತಾರೆ, ಅದೇ ಗಾಂಭೀರ್ಯದಲ್ಲಿ ಕೆಟ್ಟ ಸುದ್ದಿಯನ್ನೂ ಕೊಡುತ್ತಾರೆ. ಮುಂಭಾಗಕ್ಕೆ ಮರುಳಾಗಬೇಡ, ಹಿಂಭಾಗ ನೋಡು ಎನ್ನುವುದು ಅವರ ಮೊದಲ ಪಾಠ. ದಾರ ಹಾಕುವ ಕೊಂಡಿಯನ್ನು ಹೇಗೆ ಬೆಸೆದಿದ್ದಾರೆ, ಒಂದೇ ಎರಕವೋ ಎರಡು ತಗಡಿನ ಜೋಡಣೆಯೋ, ಅಕ್ಷರವಿದೆಯೋ ಇಲ್ಲವೋ, ಕಾಲ ಹೇಳುವುದು ಅದು. ಎರಡನೆಯ ಪಾಠ, ತೊಳೆಯಬಾರದು. ನೆಲದೊಳಗೆ ಅಷ್ಟು ವರ್ಷ ಇದ್ದು ಕಟ್ಟಿದ ಹಸಿರು ಪದರೇ ಅದರ ರಕ್ಷೆ, ಉಜ್ಜಿದರೆ ಗುಂಡಿ ಸತ್ತಂತೆ. ಒಣ ಬ್ರಶ್ಶಿನಲ್ಲಿ ಮಣ್ಣು ಝಾಡಿಸು, ಅಷ್ಟೇ.

ಮೊದಲ ಲಂಗರು ಸಿಕ್ಕಾಗ ನಾನು ಹೊಲದಲ್ಲಿ ಒಬ್ಬಳೇ ಕುಣಿದೆ. ದಂತವೈದ್ಯರು ಅದನ್ನು ತಿರುಗಿಸಿ, ನೌಕಾಪಡೆಯದು, ನಿನ್ನ ಅಜ್ಜನ ಅಜ್ಜನ ಕಾಲದ್ದು ಎಂದರು. ಎರಡನೆಯದರ ಬೆನ್ನಿಗೆ ಪ್ಲಾಸ್ಟಿಕ್ ಇತ್ತು. ಯಾವನೋ ಶೋಕಿಲಾಲ ಬ್ಲೇಜರ್ ಹಾಕಿಕೊಂಡು ಹುಲ್ಲು ಕೊಯ್ಯಲು ಬಂದಿದ್ದ ಎಂದು ಬೈದುಕೊಂಡೆ. ಎರಡನ್ನೂ ಮಾತಿನ ಪ್ರಕಾರ ಅಜ್ಜನಿಗೆ ತೋರಿಸಿದೆ. ಅವನು ಕೈ ತೊಳೆದುಕೊಂಡು, ಒರೆಸಿಕೊಂಡು, ಅಂಗೈ ಚಾಚಿ ತೆಗೆದುಕೊಂಡ. ಹಸಿರುಗಟ್ಟಿದ ಆ ಬಿಲ್ಲೆಗಳನ್ನು ಬೆಳಕಿಗೆ ಹಿಡಿದು ನೋಡಿ, ಗೊತ್ತಾಗುವುದಿಲ್ಲ, ನೀವು ಕೇಳಿ ಬಂದದ್ದೇ ಸರಿ ಇರಬೇಕು ಎಂದು ವಾಪಸು ಕೊಟ್ಟ. ಬಾಗಿಲವರೆಗೆ ಬಂದು ನನ್ನನ್ನೇ ಸಮಾಧಾನ ಮಾಡಿ ಕಳಿಸಿದ.

ಆ ವಸಂತಕ್ಕೆ ಧಾರವಾಡದಿಂದ ನಮ್ಮ ಅತ್ತೆ ಬಂದರು. ಎಲ್ಲರೂ ಅತ್ತೆಯರನ್ನು ಟ್ಯುಲಿಪ್ ತೋಟಕ್ಕೆ ಕರೆದುಕೊಂಡು ಹೋಗುತ್ತಾರೆ, ನಾನೂ ಹೋದೆ. ಅಷ್ಟೊಂದು ಹೂವು, ಒಂದಕ್ಕೂ ವಾಸನೆ ಇಲ್ಲವಲ್ಲ ಎಂದು ಅವರು ಮೂಗು ಮುರಿದರು. ಆದರೆ ಅಜ್ಜನ ಹೊಲ ಅವರ ಮನಸ್ಸಿಗೆ ಹಿಡಿಸಿತು. ಸೀರೆಯ ಮೇಲೆ ಮಗನ ಜಾಕೆಟ್ ತೊಟ್ಟು, ಮಡಚುವ ಕುರ್ಚಿಯಲ್ಲಿ ಕಾಲುವೆಯ ದಂಡೆಗೆ ಕೂತು, ನಾನು ಅಗೆಯುವುದನ್ನು ಮೇಸ್ತ್ರಿಯ ಹಾಗೆ ನೋಡುತ್ತಿದ್ದರು. ಅಣ್ಣನ ಕಥೆ ಹೇಳಿದಾಗ, ಆ ತಾಯಿಯನ್ನು ಬೈಯಬೇಡ, ಕಣ್ಣಿಗೆ ಬಿದ್ದರೆ ಕರುಳು ಕಿತ್ತು ಬರುತ್ತದೆಂದೇ ಬಿಸಾಕಿದ್ದಾಳೆ ಎಂದರು. ನನಗೆ ಆವರೆಗೆ ಆ ತಾಯಿಯ ಮೇಲೆ ಒಳಗೊಳಗೇ ಸಿಟ್ಟಿತ್ತು. ಅತ್ತೆಯ ಮಾತಿನಿಂದ ಅದು ಇಳಿಯಿತು.

ಅದೇ ಶನಿವಾರ ಸಂಜೆಗೆ ಮುಂಚೆ, ಹಳೆಯ ಕೊಟ್ಟಿಗೆಯ ಹಿಂದಿನ ಮೂಲೆಯಲ್ಲಿ ಮಷೀನು ಸಣ್ಣಗೆ ಕುಂಯ್ ಎಂದಿತು. ಬಂದದ್ದು ಬೆರಳಿನ ಉಗುರಿನಷ್ಟಗಲದ ಹಸಿರು ಉಂಡೆ. ಮಣ್ಣಿನಡಿ ಲಂಗರಿನ ತುದಿಯಂಥದ್ದು ಏನೋ ಕಂಡಿತು. ಕುಣಿಯುವ ಆಸೆಯಾದರೂ ಎರಡು ಸಲ ಕೈ ಸುಟ್ಟುಕೊಂಡಿದ್ದ ನಾನು ತೆಪ್ಪಗೆ ಡಬ್ಬಿಗೆ ಹಾಕಿದೆ. ದಂತವೈದ್ಯರು ನೋಡುವವರೆಗೆ ಅಜ್ಜನಿಗೂ ಹೇಳುವುದು ಬೇಡ ಎಂದು, ಮನೆಗೆ ತಂದು ಅಡುಗೆಮನೆಯ ಕಿಟಕಿಯ ಮೇಲೆ ಉಳಿದವುಗಳ ಜೊತೆ ಇಟ್ಟೆ.

ಗುರುವಾರ ಆಫೀಸಿನಿಂದ ಬಂದು ನೋಡುತ್ತೇನೆ, ಕಿಟಕಿ ಲಕಲಕ ಹೊಳೆಯುತ್ತಿದೆ. ಒಂದು ಬಟ್ಟೆಯ ಮೇಲೆ ದೇವರ ಮನೆಯ ದೀಪಗಳು, ಪಂಚಪಾತ್ರೆ, ಗಂಟೆ, ಆರತಿ ತಟ್ಟೆ. ಅವುಗಳ ಪಕ್ಕದಲ್ಲಿ ಸಾಲಾಗಿ ನನ್ನ ಗುಂಡಿಗಳು. ಎಲ್ಲಕ್ಕೂ ಅತ್ತೆ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿ ತಿಕ್ಕಿ ತೊಳೆದಿದ್ದರು. ಸಿಪಾಯಿಯ ನಂಬರು ಅರ್ಧ ಮಾಯವಾಗಿತ್ತು.

"ಅತ್ತಿ, ಅವನ್ನ ಯಾಕ ತೊಳದ್ರಿ?"

"ಹಸರಗಟ್ಟಿದ್ವಲ್ಲವಾ. ಕಿಲುಬು ಹಿಡದದ್ದು ಮನ್ಯಾಗ ಇಟ್ಕೋಬಾರದು. ನಾಳೆ ಶುಕ್ರವಾರ, ಹೆಂಗೂ ದೀಪ ತಿಕ್ಕೋದಿತ್ತು, ಅದರ ಕೂಡ ಇವನ್ನೂ ತಿಕ್ಕಿದೆ."

ಹೇಳಿದ ರೀತಿ ನೋಡಿದರೆ ನಾನು ಶಾಲು ಹೊದಿಸಬೇಕಿತ್ತು. ಅತ್ತೆಗೆ ಅನ್ನುವಂತಿರಲಿಲ್ಲ. ನಮ್ಮ ಮನೆಯವರು ಬಂದ ಮೇಲೆ ಅವರ ಮೇಲೆ ಹರಿಹಾಯ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಳು ಎಂದು ಗೊಣಗುತ್ತಾ ಅವರು ಸೋಫಾಕ್ಕೆ ಹೋದರು.

ಭವನದಲ್ಲಿ ದಂತವೈದ್ಯರು ಆ ಚಿಕ್ಕ ಗುಂಡಿಯನ್ನು ನೋಡಿದವರೇ ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಯಾವ ಆಸಿಡ್ ಎಂದು ಕೇಳಿದರು. ಸಾರಿಗೆ ಹಾಕುವ ಹುಣಸೆಹಣ್ಣು ಎಂದು ವಿವರಿಸುವಷ್ಟರಲ್ಲಿ ನನಗೆ ಸಾಕಾಯಿತು. ಅಡುಗೆಯ ಪದಾರ್ಥದಲ್ಲಿ ಇತಿಹಾಸವನ್ನು ತೊಳೆದ ಮೊದಲ ವ್ಯಕ್ತಿ ನೀನೇ ಎಂದು ನಕ್ಕರು. ನಗು ಮುಗಿದ ಮೇಲೆ ಗುಂಡಿ ತಿರುಗಿಸಿದರು. ಹಿಂಭಾಗದಲ್ಲಿ ಅಂಚಿನ ಸುತ್ತ ಅಕ್ಷರಗಳು ಸ್ವಚ್ಛವಾಗಿ ಕಾಣುತ್ತಿದ್ದವು, ಇಂಗ್ಲೆಂಡಿನ ಒಂದು ಊರಿನ ಹೆಸರು. ತೆಳು ತಗಡು ಒತ್ತಿ ಮಾಡಿದ್ದು, ಎರಡನೆಯ ಮಹಾಯುದ್ಧ ಮುಗಿದ ಆಸುಪಾಸಿನದು ಎಂದರು. ಕಾಲ ಅಜ್ಜನ ಲೆಕ್ಕಕ್ಕೆ ಸರಿಹೋಗುತ್ತಿತ್ತು.

ಆದರೆ ಅವರು ತಲೆ ಅಲ್ಲಾಡಿಸಿದರು. ಹಡಗಿನವನ ಕೋಟಿಗೆ ಇಷ್ಟು ಚಿಕ್ಕ, ಇಷ್ಟು ಹಗುರ ಗುಂಡಿ ಹಾಕುವುದಿಲ್ಲ. ಇದು ಮಕ್ಕಳ ಕೋಟಿನದು, ಆಗ ಹುಡುಗರಿಗೆ ನಾವಿಕರ ಹಾಗೆ ಉಡುಪು ಹಾಕುತ್ತಿದ್ದರು, ಅದರದ್ದು. ಬೇಸರದಿಂದಲೇ ಹೇಳಿದರು. ಅಜ್ಜನ ವಿಷಯ ಅವರಿಗೂ ಗೊತ್ತಿತ್ತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೂರನೆಯ ಸಲವೂ ಅವನ ಅಂಗೈಗೆ ಅಲ್ಲ ಎನ್ನುವ ಮಾತನ್ನು ಇಡಲು ನನಗೆ ಮನಸ್ಸಿರಲಿಲ್ಲ. ಗುಂಡಿಯನ್ನು ಡ್ರಾಯರಿಗೆ ಹಾಕಿ ಸುಮ್ಮನಾದೆ. ಅತ್ತೆ ಬಿಡಬೇಕಲ್ಲ. ಹೊಲ ಅವನದು, ಗುಂಡಿ ಅವನ ಹೊಲದ್ದು, ಮಾತು ಕೊಟ್ಟವಳು ನೀನು, ತೋರಿಸುವುದಕ್ಕೇನು ಎಂದು ಎರಡು ದಿನ ಒಂದೇ ಸಮನೆ ರಾಗ ಎಳೆದರು. ಕೊನೆಗೆ ಶೇಂಗಾ ಉಂಡಿ ಕಟ್ಟಿ ಡಬ್ಬಿಗೆ ತುಂಬಿ, ಜಾಕೆಟ್ ಹಾಕಿಕೊಂಡು ಬಾಗಿಲಲ್ಲಿ ನಿಂತುಬಿಟ್ಟರು. ಕಾರು ತೆಗೆಯದೆ ವಿಧಿಯಿರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಅಣ್ಣನ ಕೋಟಿನ ದೊಡ್ಡ ಗುಂಡಿಗಳು ಕಡೆಗೂ ಸಿಗಲಿಲ್ಲ. ಆ ಬೇಸಿಗೆಯೆಲ್ಲ ಹುಡುಕಿದೆ. ಈಗ ಅಲ್ಲಿ ಮೊಣಕಾಲು ಮಟ್ಟದ ನೀರು, ಜೊಂಡು, ಬಾತುಕೋಳಿ. ಅವು ಅಲ್ಲೇ ಕೆಳಗಿವೆ.

ಅಜ್ಜನ ಅಡುಗೆಮನೆ ಆಗಲೇ ಅರ್ಧ ಖಾಲಿಯಾಗಿ, ಗೋಡೆಯ ಉದ್ದಕ್ಕೂ ರಟ್ಟಿನ ಪೆಟ್ಟಿಗೆಗಳು ನಿಂತಿದ್ದವು. ಅತ್ತೆ ನಮಸ್ಕಾರ ಮಾಡಿ ಉಂಡಿಯ ಡಬ್ಬಿ ಮುಂದಿಟ್ಟರು. ಅವನು ಎದ್ದು ಕೈ ತೊಳೆದ. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಡಚ್ ವಾಕ್ಯಗಳನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ಇದು ನಿಮ್ಮ ಅಣ್ಣನದಲ್ಲ, ಮಕ್ಕಳ ಕೋಟಿನದಂತೆ, ಇಂಗ್ಲೆಂಡಿನಲ್ಲಿ ಮಾಡಿದ್ದಂತೆ, ನಮ್ಮ ಅತ್ತೆ ಗೊತ್ತಿಲ್ಲದೆ ತೊಳೆದುಬಿಟ್ಟಿದ್ದಾರೆ, ಕ್ಷಮಿಸಿ.

ಅವನು ನನ್ನ ಮಾತು ಕೇಳುತ್ತಿರಲಿಲ್ಲ. ಗುಂಡಿ ಅವನ ಅಂಗೈಯಲ್ಲಿ, ಕಿಟಕಿಯ ಬೆಳಕಿನಲ್ಲಿ, ಹೊಸ ಹಿತ್ತಾಳೆಯಂತೆ ಹೊಳೆಯುತ್ತಿತ್ತು. ಅವನು ಕುರ್ಚಿಯನ್ನು ತಡವಿ ಹುಡುಕಿ ಕೂತ.

"ಇದು ನನ್ನದು," ಎಂದ.

ಮೊದಲ ಸಂಬಳದಲ್ಲಿ ಅಣ್ಣ ಇಂಗ್ಲೆಂಡಿನ ಬಂದರಿನಿಂದ ತಮ್ಮನಾದ ತನಗೊಂದು ಕೋಟು ತಂದಿದ್ದ ಎಂದು ಅವನು ತಡೆದು ತಡೆದು ಹೇಳಿದ. ಅಣ್ಣನ ಕೋಟಿನ ಹಾಗೆಯೇ, ಚಿಕ್ಕದು. ಅದನ್ನು ಹಾಕಿಕೊಂಡೇ ಮಲಗುತ್ತೇನೆಂದು ಹಟ ಮಾಡುತ್ತಿದ್ದನಂತೆ. ಸಾವಿನ ಸುದ್ದಿ ಬಂದ ಮೇಲೆ ಅದು ಎಲ್ಲಿ ಹೋಯಿತೆಂದು ಅವನು ಕೇಳಿರಲಿಲ್ಲ, ಆಮೇಲೆ ಕೋಟೊಂದು ಇತ್ತೆಂಬುದನ್ನೇ ಮರೆತಿದ್ದ. ಅಮ್ಮ ಅದನ್ನೂ ಆ ಪೆಟ್ಟಿಗೆಯ ಜೊತೆಗೇ ಹಾಕಿರಬೇಕು ಎಂದ. ಅವಳ ಮುಂದೆ ನಾನು ಅದನ್ನು ತೊಟ್ಟು ಓಡಾಡುವುದನ್ನು ಅವಳು ಹೇಗೆ ನೋಡಿಯಾಳು, ಎಂದ.

ನೀವು ತಂದ ಬೇರೆ ಗುಂಡಿಗಳೆಲ್ಲ ಹಸಿರಾಗಿದ್ದವು, ನಾನು ಹಸಿರು ಗುಂಡಿ ಎಂದೂ ನೋಡಿದವನಲ್ಲ, ನೋಡಿದ್ದು ಹೀಗೆ ಹೊಳೆಯುವುದನ್ನು, ಅಮ್ಮ ಭಾನುವಾರ ಉಜ್ಜಿ ಕೊಡುತ್ತಿದ್ದಳು ಎಂದು ಅತ್ತೆಯ ಕಡೆ ನೋಡಿದ. ನನಗೆ ಆ ಕ್ಷಣ ನಮ್ಮ ಹುಣಸೆಹಣ್ಣಿಗೆ, ಉಪ್ಪಿಗೆ, ಶುಕ್ರವಾರಕ್ಕೆ, ಯಾರು ಏನೆಂದರೂ ತನ್ನದೇ ನಡೆಸುವ ಈ ಹೆಂಗಸಿಗೆ ಅಡ್ಡಬೀಳಬೇಕೆನಿಸಿತು. ಒಳ್ಳೆಯ ವಿದ್ಯಾರ್ಥಿನಿಯಂತೆ ನಾನು ಒಣ ಬ್ರಶ್ಶಿನಲ್ಲಿ ಝಾಡಿಸಿ ತಂದಿದ್ದರೆ ಅವನು ಮೂರನೆಯ ಸಲವೂ ಗೊತ್ತಾಗುವುದಿಲ್ಲ ಎಂದು ವಾಪಸು ಕೊಡುತ್ತಿದ್ದ, ನಾನು ತೆಗೆದುಕೊಂಡು ಬರುತ್ತಿದ್ದೆ.

ಅಜ್ಜ ಗುಂಡಿಯನ್ನು ಕತ್ತಿನ ಕೆಳಗೆ, ಸ್ವೆಟರಿನ ಮೇಲೆ ಒತ್ತಿ ಹಿಡಿದ. ಕಣ್ಣು ನಮ್ಮಿಬ್ಬರ ಮೇಲೂ ಇರಲಿಲ್ಲ.

"ಮೇಲಿನ ಗುಂಡಿ ಬಿಗಿ ಇತ್ತು. ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಅವನು ನನ್ನ ಮುಂದೆ ಮೊಣಕಾಲೂರಿ ಕೂತು ಹಾಕುತ್ತಿದ್ದ. ನಾಲಿಗೆ ಕಚ್ಚಿಕೊಂಡು ಹಾಕುತ್ತಿದ್ದ. ಮೂಗಿನ ಮೇಲೆ ಕಂದು ಚುಕ್ಕೆಗಳಿದ್ದವು. ಮುಂದಿನ ಹಲ್ಲು, ಇಲ್ಲಿ, ಸ್ವಲ್ಪ ಮುರಿದಿತ್ತು."

ತನ್ನ ಹಲ್ಲನ್ನೇ ಬೆರಳಿನಿಂದ ಮುಟ್ಟಿ ತೋರಿಸಿದ. ಆಮೇಲೆ ಅಳತೊಡಗಿದ, ಜೋರಾಗಿ, ಮರೆಮಾಚದೆ. ನನಗೂ ಅಳು ಬಂತು. ಡಚ್ ತಿಳಿಯದ ನಮ್ಮತ್ತೆ ಮಾತ್ರ ಇಬ್ಬರನ್ನೂ ನೋಡುತ್ತಾ, ಅವನ ಬೆನ್ನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಅವನು ಏನೆಂದ ಎಂದು ಕೇಳಿದರು. ಅಣ್ಣನ ಮುಖ ಈಗ ನೆನಪಿಗೆ ಬಂತಂತೆ ಎಂದು ಹೇಳಿದೆ.

"ಹಂಗಾರ ಅಣ್ಣ ಸಿಕ್ಕ ಬಿಡು," ಎಂದರು ಅತ್ತೆ.